ಬಲಗಾಲಿಯೊಂದೇ ಕಿರುಚುತ್ತಿತ್ತು

೨೦೨೨ರಲ್ಲಿ ನಾನು ದಾವಣಗೆರೆಯ ಒಂದು ಕಾರ್ ಸರ್ವಿಸ್ ಕೇಂದ್ರದಲ್ಲಿ ಬ್ರೇಕ್ ವಿಭಾಗದ ಫೋರ್‌ಮನ್ ಆಗಿದ್ದೆ. ಮೂರು ದಶಕಗಳ ಕೆಲಸದಲ್ಲಿ ನನ್ನ ಕೈಯಿಂದ ಹೋದ ಗಾಡಿ ಅದೇ ದೂರು ಹೊತ್ತು ಮರಳಿದ್ದು ಅಪರೂಪ. ಇದು ಜಂಬದ ಮಾತಲ್ಲ. ಅಂಥವನನ್ನು ಆ ವರ್ಷ ಏನೆಂದು ಕರೆದರು ಎಂಬುದು ಓದುಗರಿಗೆ ಸರಿಯಾಗಿ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಎಸ್.ಎಸ್. ಬಡಾವಣೆಯ ಶಿವಯೋಗಪ್ಪನವರು ಮಂಡಕ್ಕಿ ವ್ಯಾಪಾರಿ. ಬ್ರೇಕ್ ಒತ್ತಿದರೆ ಮುಂದಿನ ಬಲಗಾಲಿ ಕಿರುಚುತ್ತದೆ ಎಂದು ಅವರ ಕಾರು ಮೊದಲ ಸಲ ಬಂದಾಗ ಪ್ಯಾಡುಗಳು ಸವೆದಿದ್ದವು. ಗಾಲಿಯೊಂದಿಗೆ ತಿರುಗುವ ಉಕ್ಕಿನ ಡಿಸ್ಕನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಬಿಲ್ಲೆಗಳೇ ಪ್ಯಾಡುಗಳು. ಮುಂದಿನ ಎರಡೂ ಗಾಲಿಗಳಿಗೆ ಹೊಸವನ್ನು ಹಾಕಿಸಿದೆ, ಶಬ್ದ ನಿಂತಿತು. ಕೆಲವು ವಾರಗಳ ಬಳಿಕ ಗಾಡಿ ಮತ್ತೆ ಬಂತು. ಬಲಗಡೆಯ ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿತ್ತು. ಇದಕ್ಕೆ ನಾವು ಗ್ಲೇಜಿಂಗ್ ಎನ್ನುತ್ತೇವೆ. ಎಮರಿ ಕಾಗದದಿಂದ ಉಜ್ಜಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳಿಗೆ ಗ್ರೀಸ್ ಹಚ್ಚಿ ಕಳುಹಿಸಿದೆ.

ಮೂರನೆಯ ಸಲ ಶಿವಯೋಗಪ್ಪನವರೇ ಬಂದರು. ಕಾಯುವ ಹಾಲ್‌ನಲ್ಲಿ ಕೂತಿದ್ದ ಗ್ರಾಹಕರೆಲ್ಲರ ಎದುರು ಹೀಗೆಂದರು:

"ಹರಿಹರದ ಸೇತುವೆ ಮ್ಯಾಲೆ ಬ್ರೇಕ್ ತುಳಿದ್ರೆ ಎಮ್ಮಿ ಸೈತ ತಿರುಗಿ ನೋಡ್ತಾವು! ಡೂಪ್ಲಿಕೇಟ್ ಮಾಲು ಹಾಕಿ ಒರಿಜಿನಲ್ ಅಂತ ಟೋಪಿ ಹಾಕ್ತೀಯೇನು?"

ಅವರು ನನಗಿಂತ ಕಿರಿಯರು, ಆದರೂ ಏಕವಚನ. ಮ್ಯಾನೇಜರ್ ಮೊಬೈಲಿನಿಂದ ತಲೆಯೆತ್ತದೆಯೇ, "ಇನ್ನೊಂದ್ಸಲ ಈ ಕಂಪ್ಲೇಂಟ್ ಬಂದ್ರೆ ಬ್ರೇಕ್ ಸೆಕ್ಷನ್ ಬೇರೆಯವರಿಗೆ ಕೊಡ್ತೀನಿ. ನೀವು ವಾಷಿಂಗ್ ನೋಡ್ಕೊಳ್ರಿ" ಎಂದರು.

ಸಿಟ್ಟು ಒಳಗೇ ಇಟ್ಟುಕೊಂಡು ಗಾಲಿ ಬಿಚ್ಚಿದೆ. ಡಿಸ್ಕಿನ ಓಲಾಟವನ್ನು ಡಯಲ್ ಗೇಜಿನಿಂದ ಅಳೆದೆ: ೦.೦೩ ಮಿಲಿಮೀಟರ್, ಮಿತಿಯೊಳಗೇ ಇತ್ತು. ಎಡ ಬಲ ಎರಡರ ಪ್ಯಾಡೂ ಒಂದೇ ಪೆಟ್ಟಿಗೆಯವು. ಮಾಲು ಕೆಟ್ಟದಾಗಿದ್ದರೆ ಎಡಗಾಲಿಯೂ ಕಿರುಚಬೇಕಿತ್ತು. ಅಂದರೆ ಬಲಗಾಲಿಗೆ ಮಾತ್ರ ಯಾರೋ ಏನನ್ನೋ ಮಾಡುತ್ತಿದ್ದರು. ಶಿವಯೋಗಪ್ಪನವರ ಚಾಲಕ ಹಾಲೇಶನನ್ನು ಕರೆದು, ಶಬ್ದ ಯಾವತ್ತು ಶುರುವಾಯಿತೆಂದು ಕೇಳಿದೆ.

"ಅಮಾಸಿ ಮರುದಿನದಿಂದ್ರಿ. ಹೋದ ಸಲನೂ ಹಂಗೇ. ಈ ಗಾಡಿಗೆ ಅಮಾಸಿ ಆಗಿಬರಲ್ಲ ಅಂತ ಕಾಣ್ತೈತೆ."

ಪ್ಯಾಡು, ಡಿಸ್ಕುಗಳನ್ನು ಶುಚಿಗೊಳಿಸಿ ಕಳುಹಿಸಿದೆ. ಮುಂದಿನ ಅಮಾವಾಸ್ಯೆಯ ಸಂಜೆ ನಾನೇ ಶಿವಯೋಗಪ್ಪನವರ ಮನೆಗೆ ಹೋದೆ. ನಮ್ಮೂರ ವ್ಯಾಪಾರಸ್ಥರು ಆ ದಿನ ತಕ್ಕಡಿ, ಯಂತ್ರ, ವಾಹನಗಳಿಗೆಲ್ಲ ಪೂಜೆ ಮಾಡುತ್ತಾರೆ. ಅಂಗಳದಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ನಿಂತೇ ನೋಡಿದೆ. ಶಿವಯೋಗಪ್ಪನವರು ನೀರಿನಲ್ಲಿ ಕಲಸಿದ ವಿಭೂತಿಯನ್ನು ಮುಂದಿನ ಬಲಗಾಲಿಗೆ ಬಳಿದು, ಕುಂಕುಮ ಎರಚಿ, ಕಾಯಿ ಒಡೆದು ಅದರ ನೀರನ್ನು ಗಾಲಿಯ ಮೇಲೇ ಸುರಿದರು. ಮನುಷ್ಯ ಬಲಗಾಲಿಟ್ಟು ಹೊರಡುವಂತೆ ಗಾಡಿಗೂ ಬಲಗಾಲಿಯೇ ಮೊದಲು ಎಂಬುದು ಅವರ ಮನೆಯ ಪದ್ಧತಿ. ಅಲಾಯ್ ವ್ಹೀಲಿನ ಅಗಲವಾದ ಸಂದುಗಳ ಹಿಂದೆಯೇ ಡಿಸ್ಕ್ ಇರುತ್ತದೆ. ಸಿಹಿ ನೀರು, ಬೂದಿ, ಬಣ್ಣ ಮೂರೂ ನೇರವಾಗಿ ಅಲ್ಲಿಗೇ ಇಳಿದವು. ಮರುದಿನ ಬ್ರೇಕ್ ಕಾದಾಗ ಅದು ಪಾಕದಂತೆ ಪ್ಯಾಡಿಗೆ ಅಂಟಿ ಗಟ್ಟಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾನೂ ಹಾಲೇಶನೂ ಅವರನ್ನು ಕೂರಿಸಿಕೊಂಡು ಹರಿಹರಕ್ಕೆ ಹೊರಟೆವು. ಸೇತುವೆ ತಲುಪುವ ಹೊತ್ತಿಗೆ ಗಾಲಿ ಕಿರುಚತೊಡಗಿತು. ರಸ್ತೆ ಬದಿಯಲ್ಲೇ ಜಾಕ್ ಕೊಟ್ಟು ಪ್ಯಾಡ್ ತೆಗೆದು ಕೆರೆದು, ಕೆಂಪು ಹಕ್ಕಳೆಯನ್ನು ಅವರ ಅಂಗೈಗೇ ಹಾಕಿದೆ.

"ದೇವರ ಕಾಯಿನೀರಿಗೆ ದೋಷ ಹಚ್ತೀಯೇನು?" ಎಂದರು.

"ನಾನೂ ವಿಭೂತಿ ಹಚ್ಚಾವನೇ ರೀ. ಹಣಿಗೆ ಹಚ್ಕೊಂತೀನಿ, ಕಣ್ಣಾಗೆ ಹಾಕ್ಕಳಲ್ಲ."

ಹಾಲೇಶ ನಗು ತಡೆಯಲಾರದೆ ಹೊಳೆಯ ಕಡೆ ಮುಖ ತಿರುಗಿಸಿದ. ಶಿವಯೋಗಪ್ಪನವರು ಹಕ್ಕಳೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ವಿಭೂತಿ, ಕುಂಕುಮವನ್ನು ಬಾನೆಟ್ಟಿಗೆ ಇಡಿ, ಕಾಯಿನೀರನ್ನು ಗಾಲಿಯ ಮುಂದೆ ನೆಲಕ್ಕೆ ಬಿಡಿ, ಪೂಜೆಗೆ ಯಾವ ಕೊರತೆಯೂ ಆಗದು ಎಂದು ತಿಳಿಸಿ, ಪ್ಯಾಡ್ ಉಜ್ಜಿ ಜೋಡಿಸಿದೆ.

ಮುಂದಿನ ಅಮಾವಾಸ್ಯೆಗಳು ಸದ್ದಿಲ್ಲದೆ ಕಳೆದವು. ಆಯಿಲ್ ಬದಲಿಸಲು ಬಂದ ದಿನ ಅವರು ಶೆಡ್ಡಿನ ಮೂಲೆಯಲ್ಲಿ, ನನಗಷ್ಟೇ ಕೇಳುವಂತೆ, "ನಿಮ್ಮ ಮಾತೇ ಖರೆ ಆತು ಬಿಡ್ರಿ" ಎಂದರು.

"ಡೂಪ್ಲಿಕೇಟ್ ಅಂದಿದ್ದು ಹಾಲ್‌ನಾಗೆ. ಇದನ್ನೂ ಅಲ್ಲೇ ಬಂದು ಹೇಳ್ರಿ" ಎಂದೆ.

ಅವರು ಹಾಲ್‌ಗೆ ಬಂದರು. ಗ್ರಾಹಕರ ಎದುರು, ಮ್ಯಾನೇಜರಿಗೆ ಕೇಳುವಂತೆ ಹೇಳಿದರು: "ಪ್ಯಾಡು ಒರಿಜಿನಲ್ಲೇ ಐತೆ. ತಪ್ಪು ನಂದು." ಅಷ್ಟು ಹೇಳುವ ಧೈರ್ಯ ಅವರಿಗಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮ್ಯಾನೇಜರಿಗಿರಲಿಲ್ಲ, ಅವರು ಇಂದಿಗೂ ಕ್ಷಮೆ ಕೇಳಿಲ್ಲ. ಬ್ರೇಕ್ ವಿಭಾಗ ಮಾತ್ರ ನಿವೃತ್ತಿಯವರೆಗೂ ನನ್ನ ಬಳಿಯೇ ಉಳಿಯಿತು.

ಆ ಕೆಲಸ ನನಗೆ ಕಲಿಸಿದ್ದಿಷ್ಟು. ಬಿಡಿಭಾಗ ಸರಿ ಇದೆಯೇ ಎಂಬುದನ್ನು ಗೇಜು ಹೇಳುತ್ತದೆ; ಅದಕ್ಕೆ ಏನಾಗುತ್ತಿದೆ ಎಂದು ತಿಳಿಯಲು ಗಾಡಿ ನಿಲ್ಲುವ ಅಂಗಳಕ್ಕೇ ಹೋಗಬೇಕು, ಅಲ್ಲಿ ಕುರ್ಚಿ ಸಿಗಲಿ, ಸಿಗದಿರಲಿ.