ಓದಿದವರನ್ನ ಕೇಳ್ರಿ

ನಾನು ಶಾಲೆ ಬಿಟ್ಟದ್ದು ಐದನೆಯ ತರಗತಿಯಲ್ಲಿ. ಅಂದಿನಿಂದ ಒಂದು ದಿನವೂ ಕೈ ಖಾಲಿ ಕೂತವನಲ್ಲ. ನೆಲಕ್ಕೆ ಹಾಸುವ ಶಹಾಬಾದಿನ ಪರ್ಸಿಕಲ್ಲನ್ನು ಸ್ವಂತ ಲಾರಿಯಲ್ಲಿ ಹೇರಿ ಊರೂರಿಗೆ ಮುಟ್ಟಿಸುವುದು ನನ್ನ ಕೆಲಸ. ಹೀಗಾಗಿ ಮಗಳು ಐದು ಊರು ತಿರುಗಿ ಐದು ಮಂದಿಯನ್ನು ಮಾತಾಡಿಸಬೇಕು ಅಂದಾಗ ನಕ್ಕೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಕಡೆಗೆ ನಮ್ಮ ಚಿಂಚೋಳಿ. ಈ ದಾರಿಯ ಒಂದೊಂದು ಗುಂಡಿಯೂ ನನ್ನ ಸೊಂಟಕ್ಕೆ ಗೊತ್ತು.

ಅವಳ ಕಾಲೇಜಿಗೆ ಒಂದು ವಿಡಿಯೊ ಒಪ್ಪಿಸಬೇಕಿತ್ತು. ಐದೂರಿನ ಐವರು ಸಾಮಾನ್ಯ ಮಂದಿ ತಮ್ಮ ಕೆಲಸದ ಬಗ್ಗೆ ತಾವೇ ಎರಡೆರಡು ನಿಮಿಷ ಮಾತಾಡಬೇಕು. ಲೀಡರುಗಳು ಬೇಡ, ಭಾಷಣ ಬೇಡ. ಮರುದಿನ ಬೆಳಿಗ್ಗೆ ಗಡುವು; ಒಬ್ಬರು ಕಡಿಮೆಯಾದರೂ ಪಾಸಿಲ್ಲ. ಜೊತೆಗೆ ಬರಬೇಕಿದ್ದ ಗೆಳತಿ ಜ್ವರ ಬಂದು ಮಲಗಿದ್ದಳು. ಕ್ಯಾಮೆರಾ ಮಗಳು ಹಿಡಿಯುವುದು, ಪ್ರಶ್ನೆ ನಾನು ಕೇಳುವುದು ಎಂದಾಯಿತು. ಅವತ್ತಿನ ಬಾಡಿಗೆ ಬಿಟ್ಟು ಬೈಕು ತೆಗೆದೆ.

ಸೇಡಂನಲ್ಲಿ ಬೇಳೆ ಮಿಲ್ಲಿನ ಮುಂದೆ ಒಬ್ಬ ಮುದುಕ ಜರಡಿ ಹಿಡಿದು ತೊಗರಿ ಹಸನು ಮಾಡುತ್ತಿದ್ದ. ಅವನ ಕೈಗೆ ಕಣ್ಣಿದ್ದಂತೆ ಹರಳೆಲ್ಲ ಒಂದು ಬದಿಗೆ ಬಂದು ಕೂಡುತ್ತಿತ್ತು. ಕ್ಯಾಮೆರಾ ಕಂಡದ್ದೇ ಜರಡಿ ಕೆಳಗಿಟ್ಟ.

"ನಾವೇನ್ ಓದೀವೇನ್ರಿ? ಓದಿದವರನ್ನ ಕೇಳ್ರಿ."

ಬೇಡ ಅನ್ನುವಷ್ಟರಲ್ಲಿ ಯಾರೋ ಓಡಿಹೋಗಿ ನಿವೃತ್ತ ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿಸಿದ್ದರು. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಬಂದರು. ನಾಡಿನ ವೈಭವದ ಮೇಲೆ ಮುಕ್ಕಾಲು ತಾಸು ಮಾತಾಡಿದರು. ತೊಗರಿಯ ಹೆಸರು ಒಮ್ಮೆಯೂ ಬರಲಿಲ್ಲ. ಹೊರಡುವಾಗ ಮುದುಕ ನಿಮ್ಮದೇನು ಕೆಲಸ ಅಂತ ಕೇಳಿದ. ತಲೆ ಕೆಟ್ಟಿತ್ತು. "ನಂದೇನದ ಯಜಮಾನ್ರ, ಬರೇ ಡ್ರೈವರ್" ಅಂದು ಗಾಡಿ ಎಬ್ಬಿಸಿದೆ.

ಚಿತ್ತಾಪುರದ ಕೋರ್ಟಿನ ಹೊರಗೆ ವಕೀಲರ ಕರಿಕೋಟು ಇಸ್ತ್ರಿ ಮಾಡುವವನು ಸಿಕ್ಕ. ಮಾರಿ ತೊಳೆದುಕೊಂಡು ಬರುತ್ತೇನೆ ಅಂತ ಹೋದವನು ನಾಲ್ಕು ಮಂದಿಯನ್ನೂ ಒಂದು ಶಾಲನ್ನೂ ತಂದ. ಕ್ಯಾಮೆರಾ ಬಂತೆಂದರೆ ಕಾರ್ಯಕ್ರಮ, ಕಾರ್ಯಕ್ರಮ ಎಂದರೆ ಸನ್ಮಾನ. ನಮ್ಮ ಕಡೆ ಅದಕ್ಕೆ ಎರಡನೇ ಮಾತಿಲ್ಲ. ಆ ಬಿಸಿಲಿನಲ್ಲಿ ನನಗೆ ಶಾಲು ಹೊದಿಸಿ, ಮಗಳ ಕೊರಳಿಗೆ ಹಾರ ಹಾಕಿ, ವಂದನಾರ್ಪಣೆಯನ್ನೂ ಮುಗಿಸಿದರು. ಇಸ್ತ್ರಿಯ ಬಗ್ಗೆ ಕೇಳಿದರೆ, ಅದರಲ್ಲೇನದ ಹೇಳುವಂಥದ್ದು, ವಕೀಲರನ್ನ ಕೇಳ್ರಿ ಅಂದ. ಮಗಳು ಹಾರ ತೆಗೆದು ಬ್ಯಾಗಿಗೆ ತುರುಕಿದಳು. ನನ್ನ ಮಾರಿ ನೋಡಲಿಲ್ಲ.

ವಾಡಿ ಸ್ಟೇಷನ್ನಿನ ಹೊರಗೆ ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ ಬಡಿದು ಶೇಂಗಾ ಚಟ್ನಿ ಹಚ್ಚಿ ಮಾರುತ್ತಿದ್ದಳು. ಅವಳೂ ಸೆರಗು ಎಳೆದುಕೊಂಡಳು. ನಾವು ಕಲಿತವರಲ್ಲ ಅಣ್ಣಾ, ಕಲಿತವರನ್ನ ಕೇಳು ಅಂದಳು. ಮೂರನೇ ಸಲ ಅದೇ ಮಾತು. ನನ್ನ ಸಹನೆ ಅಲ್ಲಿಗೆ ಮುಗಿಯಿತು.

"ಹೋಗ್ಲಿ ಬಿಡು ಅಕ್ಕಾ. ಬಡದ್ರೇನು, ಲಟ್ಟಣಗಿಲೆ ಒತ್ತಿದ್ರೇನು, ರೊಟ್ಟಿ ಎಲ್ಲಾ ಒಂದೇ."

ಅವಳ ಕೈ ನಿಂತಿತು. "ಒಂದೇ? ಯಾ ಊರಾಂವ ನೀ? ನಿನ್ನ ಹೇಣ್ತಿ ಅದೇನ್ ತಿನಿಸಿ ಸಾಕ್ಯಾಳ ನಿನಗ?" ಎಂದು ಶುರು ಹಚ್ಚಿಕೊಂಡವಳು ಎಸರಿನ ಹದ, ಹಿಟ್ಟು ನಾದುವಾಗ ಅಂಗೈಯ ಬುಡ ಎಲ್ಲಿ ಊರಬೇಕು, ಹಳೇ ಜೋಳದ ಹಿಟ್ಟು ಯಾಕೆ ಬಿರಿಯುತ್ತದೆ, ಎಲ್ಲ ಹೇಳಿದಳು. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಮಗಳು ಉಸಿರು ಬಿಗಿಹಿಡಿದು ತೆಗೆಯುತ್ತಲೇ ಇದ್ದಳು.

ಉಪಾಯ ಸಿಕ್ಕಿತು. ನಮ್ಮ ಮಂದಿಯನ್ನು ಕೇಳಬಾರದು; ಅವರ ಕೆಲಸದ ಬಗ್ಗೆ ತಪ್ಪು ಹೇಳಬೇಕು. ಶಹಾಬಾದಿನಲ್ಲಿ ಕ್ಷೌರದವನ ಮುಂದೆ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುವುದು ಬರೀ ತೋರಿಕೆ ಅಂದೆ, ಐದು ನಿಮಿಷ ಬೈಸಿಕೊಂಡೆ. ತಿರುಗಿ ಚಿತ್ತಾಪುರಕ್ಕೆ ಬಂದು ಇಸ್ತ್ರಿಯವನಿಗೆ, ಕರಿಕೋಟಿಗೂ ಅಂಗಿಗೂ ಒಂದೇ ಕಾವು ಸಾಕು ಅಂದೆ. ಸೇಡಂನಲ್ಲಿ ಜರಡಿ ಹೆಂಗ ಆಡಿಸಿದರೂ ನಡೀತದ ಅಂದೆ. ಮುದುಕ ನನ್ನ ಕೈಗೇ ಜರಡಿ ಕೊಟ್ಟು, ತೊಗರಿ ನೆಲಕ್ಕೆ ಚೆಲ್ಲಿಸಿ, ಮಾನ ಕಳೆದ. ಅಲ್ಲಿಗೆ ನಾಲ್ಕು ಮಂದಿ ಆಯಿತು.

ಚಿಂಚೋಳಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಸ್ವಂತ ಊರೆಂದು ಕೊನೆಗಿಟ್ಟುಕೊಂಡದ್ದೇ ತಪ್ಪಾಯಿತು. ಸಿಕ್ಕವರೆಲ್ಲ ಗುರುತಿನವರು, ಏನಪಾ, ಶಾಲು ಯಾರು ಹೊದಿಸ್ಯಾರ ಅಂತ ನಗುವವರೇ ಎಲ್ಲ. ಕಡೆಗೆ ಹೊಸದಾಗಿ ಅಂಗಡಿ ಹಾಕಿದ್ದ ಒಬ್ಬ ಟೇಲರ್ ಕಂಡ. ಅಳತೆ ತಗೊಳ್ಳದೆ ಹೊಲಿದರೂ ಅಂಗಿ ಸರಿಬರುತ್ತದೆ ಅಂದೆ.

"ಹೌದ್ರಿ ಅಣ್ಣೋರೆ, ನೀವಂದದ್ದು ಖರೇ."

ಕಾಲರ್ ಒಳಗೆ ಗಟ್ಟಿಬಟ್ಟೆ ಇಡುವುದು ದಂಡ ಅಂದೆ. ದಂಡನೇ ನೋಡ್ರಿ ಅಂದ. ಗುಂಡಿಗಳನ್ನು ಬೆನ್ನಿಗೆ ಹಚ್ಚಿದರೆ ಚಂದ ಅಂತಲೂ ಅಂದೆ.

"ನಿಮಗ ಹಂಗ ಬೇಕಂದ್ರ ಹಚ್ಚಿ ಕೊಡ್ತೀನ್ರಿ. ಯಾವಾಗ ಬೇಕ್ರಿ?"

ಶಟರ್ ಎಳೆದುಕೊಂಡು ಮನೆಗೆ ಹೋದ. ಇಡೀ ದಿನದಲ್ಲಿ ನಾನು ಕಂಡ ಮರ್ಯಾದಸ್ಥ ಅವನೊಬ್ಬ. ಅವನನ್ನು ಬೈಯದ ನನ್ನ ನಾಲಿಗೆಗೇ ಶಹಬ್ಬಾಸ್ ಅನ್ನಬೇಕು. ಅಲ್ಲೇ ಅಂಗಡಿಯ ಕಟ್ಟೆ ಮೇಲೆ ಕೂತೆ. ಬೆಳಕು ಇನ್ನು ಹತ್ತು ನಿಮಿಷ ಇದ್ದೀತು. ಮಗಳು ಎದುರಿನ ಕಲ್ಲಿನ ಮೇಲೆ ಕೂತು ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡಳು.

"ಹೋಗ್ಲಿ ಬಿಡಪ್ಪಾ. ನಿನ್ನ ಕೆಲಸನೇ ಆರಾಮ. ಪರ್ಸಿ ಒಂದರ ಮ್ಯಾಲೊಂದು ಮಲಗಿಸೋದು, ಸ್ಟೇರಿಂಗ್ ಹಿಡಿಯೋದು. ಅದರಾಗೇನದ?"

ನೆತ್ತಿಗೆ ರಕ್ತ ಏರಿತು.

"ಯಾರ್ ಹೇಳ್ಯಾರ ನಿನಗ? ಮಲಗಿಸಿ ಒಯ್ದ್ರ ಮೊದಲ್ನೇ ಗುಂಡ್ಯಾಗೇ ಅರ್ಧ ಲೋಡು ಚೂರಾಗ್ತದ. ಪರ್ಸಿ ನಿಲ್ಲಿಸಿ ಒಯ್ಯಬೇಕು, ಅಂಚಿನ ಮ್ಯಾಲ, ಕಪಾಟಿನ್ಯಾಗ ಪುಸ್ತಕ ಇಟ್ಟಂಗ."

ಅಲ್ಲಿಗೆ ನಿಲ್ಲಲಿಲ್ಲ. ಯಾವ ಕಲ್ಲು ಒಳಗೆ ಬಿರುಕಿಟ್ಟಿದೆ ಎಂದು ಬೆರಳಿನಿಂದ ಬಡಿದು ದನಿಯಿಂದಲೇ ತಿಳಿಯುವುದು, ಹಗ್ಗ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು, ತಿರುವಿನಲ್ಲಿ ಹಿಂದಿನ ಕಲ್ಲಿನ ಸಪ್ಪಳ ಬದಲಾದರೆ ಯಾಕೆ ನಿಲ್ಲಿಸಬೇಕು, ಎಲ್ಲ ಹೇಳಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಒಡೆದ ಕಲ್ಲು ಇಳಿಸಿಲ್ಲ ಅಂತಲೂ ಹೇಳಿದೆ. ಉಸಿರು ತೆಗೆದುಕೊಳ್ಳಲು ನಿಂತಾಗ ಅವಳ ತೊಡೆಯ ಮೇಲೆ ಕೆಂಪು ದೀಪ ಉರಿಯುವುದು ಕಂಡಿತು.

"ಐದಾಯ್ತು" ಅಂದಳು. "ಇದೆಲ್ಲ ನನಗ ಎಂದಾದ್ರೂ ಹೇಳೀಯೇನು?"

"ನೀ ಎಂದಾದ್ರೂ ಕೇಳೀಯೇನು?" ಅಂದೆ. ಆಮೇಲೆ ನೆನಪಾಯಿತು. ಕಲ್ಲುಕಲ್ಲಿನ ನಡುವೆ ಹುಲ್ಲು ತುಂಬುವ ವಿಷಯವನ್ನೇ ಬಿಟ್ಟಿದ್ದೆ. ಅದಿಲ್ಲದೆ ಉಳಿದದ್ದೆಲ್ಲ ಸುಳ್ಳು. ಮತ್ತೊಮ್ಮೆ ತೆಗೆಯಲೇಬೇಕು ಅಂದೆ, ಅಷ್ಟರಲ್ಲಿ ಮಾರಿ ತೊಳೆದುಕೊಂಡು ಬರುತ್ತೇನೆ, ಮನೆಯಲ್ಲಿ ಇಸ್ತ್ರಿ ಅಂಗಿಯೂ ಇದೆ ಅಂದೆ.

ಅವಳು ಕ್ಯಾಮೆರಾವನ್ನು ಬ್ಯಾಗಿನೊಳಗಿಟ್ಟು ಜಿಪ್ಪು ಎಳೆದಳು.