ಅಕ್ಕನಿಗೆ ಗೋರಂಟಿ, ನನಗೆ ಬೇವು

ಪಕ್ಕದ ಮನೆಯಲ್ಲಿ ಇಂದು ಗೋರಂಟಿ ಸೊಪ್ಪು ರುಬ್ಬುತ್ತಿದ್ದರು. ಆ ಹಸಿ ವಾಸನೆಗೆ ನಾನು ಹಿರಿಯೂರಿನ ಅಜ್ಜಿಯ ಹಿತ್ತಲಿಗೆ ಹೋಗಿಬಿಟ್ಟೆ.

ಅಜ್ಜಿ ಒಂದೇ ಒರಳಿನಲ್ಲಿ ಎರಡು ಸೊಪ್ಪು ರುಬ್ಬುತ್ತಿದ್ದಳು. ದೊಡ್ಡಪ್ಪನ ಮಗಳು ಶಾರದಕ್ಕನ ಉಗುರಿಗೆ ಗೋರಂಟಿ, ಉಗುರು ಕಚ್ಚುವ ನನ್ನ ಬೆರಳಿಗೆ ಬೇವು. ಹಚ್ಚುವಾಗ ಎರಡೂ ಹಸಿರೇ. ತೊಳೆದರೆ ಅವಳದು ಮಾತ್ರ ಕೆಂಪು. ನಾನು ಕಹಿಯನ್ನೂ ನುಂಗಿಕೊಂಡು ಕಚ್ಚುತ್ತಿದ್ದೆ.

"ನಂಗೂ ಗೋರಂಟಿ ಹಚ್ಚಜ್ಜಿ."

"ಎಲ್ಲಿಗೆ ಹಚ್ಲಿ? ಉಗುರೆಲ್ಲ ತಿಂದ್ಕಂಡು ಕುಂತಿದೀಯಲ್ಲೇ!"

ಶಾರದಕ್ಕ ನಕ್ಕಳು. ಅವಳು ಬೆರಳು ಚಾಚಿಕೊಂಡು ಕಣ್ಣು ಮುಚ್ಚಿದ್ದಾಗ ಅವಳ ಬಟ್ಟಲಿನಿಂದಲೇ ಕದ್ದು ಹಚ್ಚಿಕೊಂಡೆ. ಸಂಜೆಗೆ ನನ್ನ ಮೋಟು ಉಗುರುಗಳೂ ಕೆಂಪಾದವು. ಅಜ್ಜಿ ನೋಡಿದಳು, ಬೈಯಲಿಲ್ಲ.

"ಕಚ್ಚಿದ್ರೆ ಆ ಕೆಂಪೂ ಹೋಗ್ತೈತೆ, ನೋಡ್ಕ. ಆಮೇಲೆ ನಿಮ್ಮಕ್ಕಂದೊಂದೇ ಉಳಿಯಾದು."

ಅವಳದೊಂದೇ ಉಳಿಯುವುದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು. ಬೆರಳು ಬಾಯಿಗೆ ಹೋದಾಗಲೆಲ್ಲ ಅವಳ ಕೈ ನೋಡಿ ಇಳಿಸಿದೆ. ಬೇವು ಬಿಡಿಸದ ಚಟ ಹಾಗೆ ಬಿಟ್ಟಿತು.

ಹೊಟ್ಟೆಕಿಚ್ಚು ಬಿಟ್ಟಿದೆಯೇ? ಹೇಳಲಾರೆ. ಮೊನ್ನೆ ಶಾರದಕ್ಕ ಮೊಮ್ಮಗುವನ್ನು ಎತ್ತಿಕೊಂಡ ಫೋಟೊ ಕಳಿಸಿದ್ದಳು. ನಾನು ಅದನ್ನು ದೊಡ್ಡದು ಮಾಡಿ ಮೊದಲು ನೋಡಿದ್ದು ಅವಳ ಉಗುರನ್ನು.