ಗೇಣುದ್ದದ ಗಿಣಿ

ಇವತ್ತು ತಮಿಳು ಸೀಮೆಯ ಅವಿನಾಶಿ ಊರಿನ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಬಟ್ಟೆಯ ತುಂಡೊಂದರಿಂದ ಯಂತ್ರದ ಎಣ್ಣೆ ಒರೆಸುತ್ತಿದ್ದೆ. ಆ ತುಂಡಿನ ಗಂಜಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟು ನೆತ್ತಿಗೇರಿತು.

ಅಜ್ಜಿ ಕೈಮಗ್ಗದಲ್ಲಿ ಸೀರೆ ಮುಗಿಸಿದ ಮೇಲೆ, ಮಗ್ಗಕ್ಕೆ ಬಿಗಿದ ಉದ್ದನೂಲಿನ ಹಾಸಿನ ಕೊನೆಯಲ್ಲಿ ಒಂದು ಗೇಣು ಉಳಿಯುತ್ತಿತ್ತು. ಅಲ್ಲಿ ಅವಳು ಮಿಕ್ಕ ಬಣ್ಣದ ನೂಲುಗಳಿಂದ ಒಂದು ಗಿಣಿ ನೇಯುತ್ತಿದ್ದಳು.

"ವೇಲೆ ತಲೆಮೇಲೈತೆ, ಮಾಡೋ ಕೆಲ್ಸ ಬಿಟ್ಟು ಈ ಗಿಣಿ ಯಾರಿಗವ್ವಾ?" ಅಪ್ಪ ಗದರುತ್ತಿದ್ದ.

"ಸೀರೆಯೆಲ್ಲ ಊರೋರ್ದು. ಈ ಗೇಣು ನಂದು," ಅನ್ನುತ್ತಿದ್ದಳು ಅಜ್ಜಿ.

ಒಂದು ದಿನ ಅಪ್ಪ ಆ ಗಿಣಿಯನ್ನೇ ಕತ್ತರಿಸಿ ಸೈಕಲ್ ಚೈನು ಒರೆಸಿದ. ಅಜ್ಜಿ ಮತ್ತೆಂದೂ ಗಿಣಿ ನೇಯಲಿಲ್ಲ. ನಾನು ಅವನನ್ನು ಇಂದಿಗೂ ಕ್ಷಮಿಸಿಲ್ಲ.

ಈಗ ನನಗೆ ಎಂಟು ಮಗ್ಗಗಳಿವೆ. ಪ್ರತಿ ಹಾಸಿನ ಕೊನೆಯ ಗೇಣನ್ನು ನಾನೇ ಕತ್ತರಿಸಿ ಎಣ್ಣೆ ಒರೆಸಲು ಇಟ್ಟುಕೊಳ್ಳುತ್ತೇನೆ. ಅಪ್ಪನಿಗೆ ಹಾಳುಮಾಡಲು ಒಂದು ಗಿಣಿಯಾದರೂ ಇತ್ತು.